ಆರ್ಡರ್ ಕೊಡೋರು ಯಾರು?

1932ರ ಅಕ್ಟೋಬರ್ 1ರಂದು ಡೆಹ್ರಾಡೂನಿನ ಒಂದು ಹಳೇ ಕಾಲೇಜು ಕಟ್ಟಡದಲ್ಲಿ 40 ಹುಡುಗರ ಟ್ರೈನಿಂಗ್ ಶುರುವಾಯಿತು. ರೈಲ್ವೆಯವರು ತಮ್ಮ ಆಫೀಸರುಗಳಿಗಾಗಿ ಕಟ್ಟಿಸಿದ್ದ ಆ ಕಾಲೇಜನ್ನು ಸೇನೆಗೆ ಕೊಟ್ಟಿದ್ದರು. ಅವತ್ತು ಸೇರಿದ ಹುಡುಗರಲ್ಲಿ ಒಬ್ಬ ಮುಂದೆ ಭಾರತದ ಸೇನಾ ಮುಖ್ಯಸ್ಥನಾದ, ಇನ್ನೊಬ್ಬ ಪಾಕಿಸ್ತಾನದ್ದಕ್ಕೆ, ಮತ್ತೊಬ್ಬ ಬರ್ಮಾದ್ದಕ್ಕೆ. ಸ್ಯಾಮ್ ಮಾಣೆಕ್ ಶಾ, ಮೊಹಮ್ಮದ್ ಮೂಸಾ, ಸ್ಮಿತ್ ಡನ್.

ಇಂಡಿಯನ್ ಮಿಲಿಟರಿ ಅಕಾಡೆಮಿ, ಅಂದರೆ ಐಎಂಎ ಬಗ್ಗೆ ಮಾತು ಬಂದರೆ ಎಲ್ಲರೂ ಹೇಳೋ ಸಂಗತಿ ಇದು. ನನಗೆ ಮಾತ್ರ ಕಾಡೋ ಪ್ರಶ್ನೆ ಬೇರೆ. ಇಂಥದ್ದೊಂದು ಶಾಲೆ ಬರೋಕೆ 1932ರವರೆಗೆ ಯಾಕೆ ಕಾಯಬೇಕಾಯಿತು? ಮೊದಲ ಮಹಾಯುದ್ಧ ಒಂದರಲ್ಲೇ 10 ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿ ಹೋಗಿದ್ದರು. ಗುಂಡಿಗೆ ಎದೆ ಕೊಡೋಕೆ ನಮ್ಮವರು ಬೇಕಿತ್ತು. ಆರ್ಡರ್ ಕೊಡೋಕೆ ಮಾತ್ರ ಬೇಡವಾಗಿತ್ತು.

ಆಗಿನ ವ್ಯವಸ್ಥೆ ಹೀಗಿತ್ತು. ಭಾರತೀಯನೊಬ್ಬ ಸಿಪಾಯಿಯಾಗಿ ಸೇರಿ, ಜಮಾದಾರನಾಗಿ, ಸುಬೇದಾರನಾಗಿ, ತುಂಬಾ ಅಂದರೆ ಸುಬೇದಾರ್ ಮೇಜರ್ ಆಗಬಹುದಿತ್ತು. ಅಲ್ಲಿಗೆ ಮುಗೀತು. ಇಂಗ್ಲೆಂಡಿನಿಂದ ಆಗಷ್ಟೇ ಹಡಗಿಳಿದು ಬಂದ ಇಪ್ಪತ್ತು ವರ್ಷದ ಲೆಫ್ಟಿನೆಂಟ್ ಕೂಡ ಅವನ ಮೇಲಿನವನೇ. ಇಪ್ಪತ್ತೈದು ವರ್ಷ ಸರ್ವೀಸ್ ಆದ ಲೀಡ್‌ಗೆ ನಿನ್ನೆ ಸೇರಿದ ಫ್ರೆಶರ್ ಮ್ಯಾನೇಜರ್ ಆದ ಹಾಗೆ. ಅದೂ ಯಾವತ್ತೋ ಒಂದು ಸಲ ಅಲ್ಲ, ಖಾಯಂ ರೂಲೇ ಅದು.

ಮೊದಲ ಯುದ್ಧ ಮುಗಿಯೋ ಹೊತ್ತಿಗೆ ಈ ಗೋಡೆಯಲ್ಲಿ ಸಣ್ಣ ಕಿಂಡಿ ತೆರೆಯಿತು. ಇಂದೋರಿನ ಡೇಲಿ ಕಾಲೇಜಿನಲ್ಲಿ ಕೆಲವು ಭಾರತೀಯ ಯುವಕರಿಗೆ ಆಫೀಸರ್ ತರಬೇತಿ ಕೊಟ್ಟರು. 1919ರಲ್ಲಿ ಅಲ್ಲಿಂದ ಹೊರಬಂದವರಲ್ಲಿ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ ಒಬ್ಬರು. ಅದರ ಜೊತೆಗೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಕಾಲೇಜಿನಲ್ಲಿ ಭಾರತೀಯರಿಗೆ ಅಂತ ವರ್ಷಕ್ಕೆ 10 ಸೀಟು. ಇಡೀ ದೇಶಕ್ಕೆ ಹತ್ತು! ಹಡಗಿನ ಖರ್ಚು, ಫೀಸು ಎಲ್ಲಾ ಅಪ್ಪನ ಜೇಬಿಂದಲೇ ಬರಬೇಕು. ಹೀಗಾಗಿ ಅನುಕೂಲಸ್ಥರ ಮಕ್ಕಳಿಗೆ ಮಾತ್ರ ಅದು ದಕ್ಕುವಂತಿತ್ತು. ಹೋದವರಲ್ಲೂ ಬಹಳ ಮಂದಿ ಪಾಸಾಗದೆ ವಾಪಸ್ ಬಂದರು. ಹುಡುಗರನ್ನು ಅದಕ್ಕೆ ತಯಾರು ಮಾಡಲು 1922ರಲ್ಲಿ ಡೆಹ್ರಾಡೂನಿನಲ್ಲೇ ಒಂದು ಶಾಲೆ ತೆರೆದರು. ಕೊಡಗಿನ ಇನ್ನೊಬ್ಬರು, ಕೆ.ಎಸ್. ತಿಮ್ಮಯ್ಯ, ಅಲ್ಲಿ ಓದಿ ಸ್ಯಾಂಡ್‌ಹರ್ಸ್ಟ್‌ಗೆ ಹೋಗಿ 1926ರಲ್ಲಿ ಆಫೀಸರ್ ಆದರು.

ಸರಿ, ಆಫೀಸರ್ ಆದಮೇಲೆ? 1923ರಲ್ಲಿ ಸರ್ಕಾರ ಒಂದು ಉಪಾಯ ಹುಡುಕಿತು. ಇಡೀ ಸೇನೆಯಲ್ಲಿ ಎಂಟು ಯೂನಿಟ್ ಆರಿಸಿ, ಭಾರತೀಯ ಆಫೀಸರುಗಳನ್ನೆಲ್ಲ ಅವುಗಳಿಗೇ ಕಳಿಸುವುದು. ಅವಕಾಶ ಕೊಟ್ಟ ಹಾಗೂ ಆಯಿತು, ಬಿಳಿಯನೊಬ್ಬ ಕರಿಯನ ಕೈಕೆಳಗೆ ಕೆಲಸ ಮಾಡೋ ಪ್ರಸಂಗವೂ ತಪ್ಪಿತು. ಹಳ್ಳಿ ಹೋಟೆಲುಗಳಲ್ಲಿ ಕೆಲವರಿಗೆ ಅಂತ ಬೇರೆ ಲೋಟ ಇಡುತ್ತಿದ್ದರಲ್ಲ, ಇದು ಅದೇ ಲೆಕ್ಕ.

1925ರಲ್ಲಿ ಜನರಲ್ ಸ್ಕೀನ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಆಯಿತು. ಮೋತಿಲಾಲ್ ನೆಹರೂ ಮತ್ತು ಮೊಹಮ್ಮದ್ ಅಲಿ ಜಿನ್ನಾ ಇಬ್ಬರೂ ಅದರಲ್ಲಿದ್ದರು. ಮೋತಿಲಾಲ್ ನಡುವೆಯೇ ಬಿಟ್ಟು ಹೊರಬಂದರು. ಎಂಟು ಯೂನಿಟ್ ಪದ್ಧತಿ ನಿಲ್ಲಿಸಿ, 1933ರ ಹೊತ್ತಿಗೆ ಭಾರತದಲ್ಲೇ ಸೇನಾ ಕಾಲೇಜು ತೆರೆಯಿರಿ ಅಂತ ಸಮಿತಿ 1926ರಲ್ಲಿ ಹೇಳಿತು. ಸರ್ಕಾರ ಸ್ಯಾಂಡ್‌ಹರ್ಸ್ಟ್ ಸೀಟು ಒಂದಿಷ್ಟು ಹೆಚ್ಚಿಸಿ ಕೈತೊಳೆದುಕೊಂಡಿತು. ಆಮೇಲೆ ದುಂಡುಮೇಜಿನ ಪರಿಷತ್ತಿನಲ್ಲಿ ಮತ್ತೆ ಒತ್ತಡ ಬಂತು. 1931ರಲ್ಲಿ ದಂಡನಾಯಕ ಫಿಲಿಪ್ ಚೆಟ್‌ವುಡ್ ನೇತೃತ್ವದಲ್ಲಿ ಇನ್ನೊಂದು ಸಮಿತಿ. ಮಾರನೇ ವರ್ಷ ಅಂತೂ ಶಾಲೆ ಬಂತು.

1932ರ ಡಿಸೆಂಬರ್ 10ರಂದು ಅದೇ ಚೆಟ್‌ವುಡ್ ಅದನ್ನು ಉದ್ಘಾಟಿಸಿದರು. ಅವರ ಭಾಷಣದ ತಿರುಳು ಇವತ್ತಿಗೂ ಅಲ್ಲಿನ ಹುಡುಗರಿಗೆ ಬಾಯಿಪಾಠ: ಮೊದಲು ದೇಶ, ಆಮೇಲೆ ನಿನ್ನ ಕೈಕೆಳಗಿನ ಸೈನಿಕರು, ಕೊನೆಗೆ ನಿನ್ನ ಸುಖ. ದೊಡ್ಡ ಮಾತೇ. ಆದರೆ ಹೀಗಂದ ಸರ್ಕಾರವೇ ಡೆಹ್ರಾಡೂನಿನಿಂದ ಬಂದವರಿಗೆ ಸ್ಯಾಂಡ್‌ಹರ್ಸ್ಟ್‌ನಿಂದ ಬಂದವರಿಗಿಂತ ಕಡಿಮೆ ಸಂಬಳ ಕೊಟ್ಟಿತು. ಬ್ರಿಟಿಷ್ ಸೈನಿಕರ ಮೇಲೆ ಅವರಿಗಿದ್ದ ಅಧಿಕಾರಕ್ಕೂ ಕತ್ತರಿ. ಸುಬೇದಾರರು ಮಾಡುತ್ತಿದ್ದ ಪ್ಲಟೂನ್ ಕಮಾಂಡರ್ ಕೆಲಸಕ್ಕೇ ಅವರನ್ನು ಹಚ್ಚಿದರು. ಡೆಸಿಗ್ನೇಷನ್ ಕೊಟ್ಟು ಕೆಲಸ ಕೊಡದೇ ಇರೋದು ಐಟಿ ಕಂಪನಿಗಳ ಆವಿಷ್ಕಾರ ಏನಲ್ಲ.

ಆದರೂ ಆ ಮೊದಲ 40 ಸೀಟು ಹಂಚಿದ ರೀತಿ ನನಗೆ ಇಷ್ಟ. ಹದಿನೈದು ಸೀಟು ಪರೀಕ್ಷೆ ಬರೆದು ಗೆದ್ದವರಿಗೆ. ಮಾಣೆಕ್ ಶಾ ಬಂದಿದ್ದು ಹೀಗೆ, ಆರನೇ ರ‍್ಯಾಂಕು. ಹತ್ತು ಸೀಟು ಸಂಸ್ಥಾನಗಳ ಸೇನೆಗಳಿಗೆ. ಉಳಿದ ಹದಿನೈದು, ಆಗಲೇ ಸಿಪಾಯಿಗಳಾಗಿ ಕೆಲಸ ಮಾಡುತ್ತಿದ್ದವರಿಗೆ. ಕ್ವೆಟ್ಟಾದ ಹಜಾರಾ ಹುಡುಗ ಮೂಸಾ, ಬರ್ಮಾದ ಕರೆನ್ ಹುಡುಗ ಸ್ಮಿತ್ ಡನ್ ಇಬ್ಬರೂ ಬಂದಿದ್ದು ಈ ಬಾಗಿಲಿಂದ. ಮೂರು ದೇಶಗಳ ದಂಡನಾಯಕರಲ್ಲಿ ಇಬ್ಬರು ಮೊದಲು ಸೆಲ್ಯೂಟ್ ಹೊಡೆದು ನಿಂತವರೇ.

ಹಳ್ಳಿಯಲ್ಲಿ ಬೆಳೆದವನಿಗೆ ಇದು ಸುಮ್ಮನೆ ಟ್ರಿವಿಯಾ ಅಲ್ಲ. ನಮ್ಮೂರಲ್ಲಿ ಮಿಲ್ಟ್ರಿ ಅಂದ್ರೆ ಜವಾನ ಅಂತಲೇ ಅರ್ಥ. ರಜೆಗೆ ಬರುವಾಗ ಟ್ರಂಕು, ಕ್ಯಾಂಟೀನ್ ಸಾಮಾನು ತರುತ್ತಿದ್ದ ಮಿಲ್ಟ್ರಿ ಮಾವ ಹವಾಲ್ದಾರನಾಗಿ ರಿಟೈರ್ ಆದ. ಅವನ ಬಾಯಲ್ಲಿ 'ಸಾಹೇಬ್ರು ಹೇಳಿದ್ರು' ಅನ್ನೋ ಮಾತು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಆ ಸಾಹೇಬರು ಎಲ್ಲಿ ತಯಾರಾಗ್ತಾರೆ, ನಾವೂ ಆಗಬಹುದಾ ಅಂತ ಊರಲ್ಲಿ ಯಾರೂ ಕೇಳಲಿಲ್ಲ. ಬಿಇ ಮುಗಿಸಿದವರಿಗೆ ಅಂತಲೇ ಐಎಂಎಗೆ ನೇರ ಪ್ರವೇಶ ಇದೆ ಅನ್ನೋದು ನನಗೆ ಗೊತ್ತಾಗಿದ್ದು ಫೈನಲ್ ಇಯರ್‌ನಲ್ಲಿ, ಹಾಸ್ಟೆಲ್ ನೋಟಿಸ್ ಬೋರ್ಡಿನಿಂದ.

ಎರಡನೇ ಮಹಾಯುದ್ಧ ಬ್ರಿಟಿಷರ ಲೆಕ್ಕಾಚಾರವನ್ನೆಲ್ಲ ಬುಡಮೇಲು ಮಾಡಿತು. 1939ರಲ್ಲಿ 500ರ ಆಸುಪಾಸಿನಲ್ಲಿದ್ದ ಭಾರತೀಯ ಆಫೀಸರುಗಳು 1945ರ ಹೊತ್ತಿಗೆ 8,000 ದಾಟಿದ್ದರು. ಕಾರ್ಯಪ್ಪ 1942ರಲ್ಲಿ ಬೆಟಾಲಿಯನ್ ಒಂದರ ಕಮಾಂಡ್ ಪಡೆದ ಮೊದಲ ಭಾರತೀಯರಾದರು, 1949ರ ಜನವರಿ 15ರಂದು ಇಡೀ ಸೇನೆಯ ಮುಖ್ಯಸ್ಥರಾದರು. ಅಷ್ಟರಲ್ಲಿ ದೇಶ ಎರಡಾಗಿ, ಶಾಲೆಯೂ ಪಾಲಾಗಿತ್ತು. ಪಾಕಿಸ್ತಾನ ಆರಿಸಿಕೊಂಡ ಕೆಡೆಟ್‌ಗಳು 1947ರ ಅಕ್ಟೋಬರ್‌ನಲ್ಲಿ ಹೊರಟುಹೋದರು. ಅವರಿಗೆ ಕಾಕೂಲ್‌ನಲ್ಲಿ ಬೇರೆ ಅಕಾಡೆಮಿ ಬಂತು. 1965ರ ಯುದ್ಧದಲ್ಲಿ ಪಾಕ್ ಸೇನೆ ನಡೆಸಿದ್ದು ಮೂಸಾ. 1971ರಲ್ಲಿ ಇತ್ತ ಮಾಣೆಕ್ ಶಾ, ಅತ್ತ ಡೆಹ್ರಾಡೂನಿನಲ್ಲೇ ಕಲಿತಿದ್ದ ಯಾಹ್ಯಾ ಖಾನ್.

ಇವತ್ತು ಐಎಂಎಯಲ್ಲಿ ನಾಲ್ಕು ಬೆಟಾಲಿಯನ್‌ಗಳಿವೆ: ಕಾರ್ಯಪ್ಪ, ತಿಮ್ಮಯ್ಯ, ಮಾಣೆಕ್ ಶಾ, ಭಗತ್. ಅವುಗಳೊಳಗಿನ ಕಂಪನಿಗಳಿಗೆ ಯುದ್ಧಗಳ ಹೆಸರು. ಕೊಹಿಮಾ, ಅಲಮೇನ್ ಬ್ರಿಟಿಷರ ಕಾಲದವು, ದೋಗ್ರಾಯ್, ಜೆಸ್ಸೋರ್ ನಮ್ಮವು. ಗಮನಿಸಿ, ಕಾರ್ಯಪ್ಪ, ತಿಮ್ಮಯ್ಯ ಇಬ್ಬರೂ ಅಲ್ಲಿ ಕಲಿತವರಲ್ಲ. ಅವರ ಕಾಲಕ್ಕೆ ಆ ಶಾಲೆಯೇ ಇರಲಿಲ್ಲ.

ಎನ್‌ಡಿಎಯಿಂದ ಬಂದವರಿಗೆ ಇಲ್ಲಿ ಒಂದು ವರ್ಷ, ಡಿಗ್ರಿ ಮುಗಿಸಿ ಸಿಡಿಎಸ್ ಬರೆದವರಿಗೆ ಒಂದೂವರೆ ವರ್ಷ. ಕೊನೆಗೆ ಚೆಟ್‌ವುಡ್ ಹಾಲ್‌ನ ಮೆಟ್ಟಿಲು ಹತ್ತಿ 'ಅಂತಿಮ್ ಪಗ್' ದಾಟಿದರೆ ಲೆಫ್ಟಿನೆಂಟ್. ಇವರ ಜೊತೆ ಆರ್ಮಿ ಕೆಡೆಟ್ ಕಾಲೇಜಿನವರೂ ಇರುತ್ತಾರೆ. ಜವಾನರಾಗಿ ಸೇರಿ, ಪರೀಕ್ಷೆ ಪಾಸು ಮಾಡಿ, ಮೂರು ವರ್ಷ ಓದಿ ಜೆಎನ್‌ಯು ಡಿಗ್ರಿ ಪಡೆದು, ಆಮೇಲೆ ಐಎಂಎಗೆ ಬಂದವರು ಇವರು. ಮೂಸಾ, ಸ್ಮಿತ್ ಡನ್ ಬಂದಂಥ ಬಾಗಿಲು ಮುಚ್ಚಿಲ್ಲ.

ನಿಮ್ಮೂರಲ್ಲೂ ಪಿಯುಸಿ ಮುಗಿಸಿ ಬೆಳಗ್ಗೆ ಐದಕ್ಕೆ ಎದ್ದು ರಸ್ತೆಯಲ್ಲಿ ಓಡ್ತಿರೋ ಹುಡುಗರು ಇರ್ತಾರೆ. ಹಬ್ಬಕ್ಕೆ ಹೋದಾಗ ಈ ಬಾಗಿಲ ವಿಷಯ ಅವರ ಕಿವಿಗೂ ಹಾಕಿ.