ಕಂಠ ನಮ್ಮದು, ಹಕ್ಕು ಯಾರದು? ಎಐ ಡಬ್ಬಿಂಗ್ ಬಗ್ಗೆ ತಿಳಿದಿರಬೇಕಾದದ್ದು

ಇತ್ತೀಚೆಗೆ ಒಂದು ವೆಬ್ ಸರಣಿಯ ಕನ್ನಡ ಡಬ್ಬಿಂಗ್‌ಗೆ ಹೋದಾಗ ಸ್ಟುಡಿಯೋದಲ್ಲಿ ಎರಡು ಪುಟದ ಒಪ್ಪಂದ ಮುಂದಿಟ್ಟರು. ನನ್ನ ಧ್ವನಿಮುದ್ರಣವನ್ನು ಈಗಿರುವ ಮತ್ತು ಮುಂದೆ ಬರುವ ಎಲ್ಲ ತಂತ್ರಜ್ಞಾನಗಳಲ್ಲಿ ಬಳಸುವ ಹಕ್ಕು ಅವರದ್ದು ಅಂತ ಅದರಲ್ಲಿ ಒಂದು ಸಾಲಿತ್ತು. ಏನಿದು ಅಂತ ಕೇಳಿದರೆ, "ಮಾಮೂಲಿ ಫಾರ್ಮ್, ಎಲ್ಲರೂ ಹಾಕ್ತಾರೆ" ಅಂದರು. ಅವತ್ತಿನ ಸಂಭಾವನೆ ಬೇಕಿತ್ತು. ಸಹಿ ಹಾಕಿದೆ.

ಆ ಒಂದು ಸಾಲಿನ ಅರ್ಥ ಏನು ಅಂತ ಹುಡುಕುತ್ತಾ ಹೋದಾಗ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಗಿಲು ತೆರೆದು ಹತ್ತೇ ವರ್ಷ

ಕನ್ನಡಕ್ಕೆ ಡಬ್ಬಿಂಗ್ ಬೇಡ ಅನ್ನೋದು 1960ರ ದಶಕದ ಕನ್ನಡ ಚಳವಳಿಯ ಕೂಸು. ಅ.ನ.ಕೃ. ಅವರಂಥ ಸಾಹಿತಿಗಳಿಂದ ಡಾ. ರಾಜ್‌ಕುಮಾರ್‌ವರೆಗೆ ಅನೇಕರು ಅದರ ಬೆನ್ನಿಗಿದ್ದರು. ನಿಷೇಧಕ್ಕೆ ಕಾನೂನು ಯಾವತ್ತೂ ಇರಲಿಲ್ಲ, ಇದ್ದದ್ದು ಉದ್ಯಮದ ಕಟ್ಟುಪಾಡು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದನ್ನು ಸ್ಪರ್ಧಾ ವಿರೋಧಿ ನಡೆ ಎಂದು ಹೇಳಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಕೆಲವು ಸಂಘಟನೆಗಳಿಗೆ ದಂಡ ಹಾಕಿತು. 2019ರ ಹೊತ್ತಿಗೆ 'ಸೈರಾ', 'ದಬಾಂಗ್ 3' ಕನ್ನಡದಲ್ಲೇ ಮಾತಾಡಿದವು. ಆಮೇಲೆ ಒಟಿಟಿಗಳು ಬಂದವು.

ಡಬ್ಬಿಂಗ್ ಬಂದರೆ ಕನ್ನಡದ ನಟರು, ತಂತ್ರಜ್ಞರು ಕೆಲಸ ಕಳೆದುಕೊಳ್ಳುತ್ತಾರೆ ಅನ್ನೋದು ಅಂದಿನ ಆತಂಕ. ಪ್ರೇಕ್ಷಕರಿಗೆ ತಮ್ಮ ಭಾಷೆಯಲ್ಲಿ ನೋಡುವ ಹಕ್ಕಿದೆ, ಕನ್ನಡಿಗರಿಗೆ ಹೊಸ ಕೆಲಸವೂ ಹುಟ್ಟುತ್ತದೆ ಅನ್ನೋದು ಇನ್ನೊಂದು ವಾದ. ನಾನು ಎರಡನೆಯದರ ಪರ ಇದ್ದವನು. ನನ್ನಂಥವರು ಬಾಡಿಗೆ ಕಟ್ಟುತ್ತಿರುವುದು ಆ ಹೊಸ ಕೆಲಸದಿಂದಲೇ. ಈಗ ಯಂತ್ರ ಕಣ್ಣು ಹಾಕಿರುವುದೂ ಅದರ ಮೇಲೆಯೇ.

ಯಂತ್ರ ಮಾಡೋದೇನು

ಎಐ ಡಬ್ಬಿಂಗ್‌ನಲ್ಲಿ ನಾಲ್ಕು ಹಂತಗಳಿವೆ. ಮೂಲ ಮಾತನ್ನು ಪಠ್ಯ ಮಾಡುವುದು, ಅದನ್ನು ಅನುವಾದಿಸುವುದು, ಅನುವಾದವನ್ನು ಕೃತಕ ದನಿಯಲ್ಲಿ ಹೇಳಿಸುವುದು, ಬೇಕಿದ್ದರೆ ತುಟಿಯ ಚಲನೆಯನ್ನೂ ಹೊಂದಿಸುವುದು. ಮೂರನೇ ಹಂತಕ್ಕೆ ಮನುಷ್ಯರ ದನಿಯ ಮಾದರಿಗಳು ಬೇಕು. ಸ್ಟುಡಿಯೋದಲ್ಲಿ, ಗದ್ದಲವಿಲ್ಲದೆ, ಭಾವ ತುಂಬಿ ಮಾತಾಡಿದ ರೆಕಾರ್ಡಿಂಗ್ ಸಿಕ್ಕರೆ ಇನ್ನೂ ಒಳ್ಳೆಯದು. ಡಬ್ಬಿಂಗ್ ಕಲಾವಿದರು ದಿನವೂ ಕೊಡುತ್ತಿರೋದು ಅದನ್ನೇ.

ಸದ್ಯಕ್ಕೆ ಯಂತ್ರ ಎಡವುವ ಕಡೆಗಳು ಬೇಕಾದಷ್ಟಿವೆ. ಇಂಗ್ಲಿಷಿನ 'ಯೂ'ಗೆ 'ನೀನು' ಹಾಕಬೇಕೋ 'ನೀವು' ಹಾಕಬೇಕೋ ಅದಕ್ಕೆ ಗೊತ್ತಾಗದೆ, ತಾಯಿ ಮಗನನ್ನು "ನೀವು ಊಟ ಮಾಡಿದಿರಾ" ಅಂತ ಕೇಳಿಬಿಡಬಹುದು. ಮನೆಯಿಂದ ಹೊರಡುವವನು "ಹೋಗ್ ಬರ್ತೀನಿ" ಅನ್ನುವ ಬದಲು "ನಾನು ಹೊರಡುತ್ತಿದ್ದೇನೆ" ಅಂತಾನೆ. ಧಾರವಾಡದವರೂ ಮಂಗಳೂರಿನವರೂ ಒಂದೇ ಗ್ರಂಥಸ್ಥ ಕನ್ನಡ ಮಾತಾಡುತ್ತಾರೆ. ಆದರೆ ಈ ತಪ್ಪುಗಳನ್ನೇ ನಂಬಿಕೊಂಡು ಕೂರೋದು ಮೂರ್ಖತನ. ಅವು ತಿದ್ದಿಕೊಳ್ಳುತ್ತವೆ. ತಿದ್ದುವ ಕೆಲಸವನ್ನೂ ನಮ್ಮ ಕೈಯಲ್ಲೇ, ಕಡಿಮೆ ದುಡ್ಡಿಗೆ ಮಾಡಿಸಬಹುದು.

ಕಾನೂನು ಎಲ್ಲಿ ನಿಲ್ಲುತ್ತದೆ

1957ರ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರಿಗೆ 50 ವರ್ಷಗಳ ಹಕ್ಕು ಕೊಡುತ್ತದೆ. ಪ್ರದರ್ಶಕರು ಯಾರು ಅನ್ನುವ ಪಟ್ಟಿಯಲ್ಲಿ ನಟ, ಗಾಯಕರ ಜೊತೆಗೆ ಹಾವಾಡಿಗರ ಹೆಸರೂ ಇದೆ, ಕಂಠದಾನ ಕಲಾವಿದರ ಹೆಸರಿಲ್ಲ. 'ಪ್ರದರ್ಶನ ನೀಡುವ ಇತರ ಯಾವುದೇ ವ್ಯಕ್ತಿ' ಅನ್ನುವ ಮಾತಿನಡಿ ನಾವು ಒಳಗೆ ಬರಬೇಕು.

2012ರ ತಿದ್ದುಪಡಿ ಮೂರು ಮುಖ್ಯ ಸಂಗತಿಗಳನ್ನು ತಂದಿತು.

- ಪ್ರದರ್ಶಕರನ್ನು ಹೆಸರಿಸಬೇಕು, ಮತ್ತು ಪ್ರದರ್ಶನವನ್ನು ಗೌರವಕ್ಕೆ ಧಕ್ಕೆ ಬರುವಂತೆ ತಿರುಚಿದರೆ ಪ್ರಶ್ನಿಸಬಹುದು.
- ಸಿನಿಮಾಗೆ ಲಿಖಿತ ಒಪ್ಪಿಗೆ ಕೊಟ್ಟ ಮೇಲೆ ನಿರ್ಮಾಪಕರು 'ಅದೇ ಚಿತ್ರ'ದಲ್ಲಿ ಬಳಸುವುದಕ್ಕೆ ಅಡ್ಡಿ ಮಾಡುವಂತಿಲ್ಲ. ವಾಣಿಜ್ಯ ಬಳಕೆಗೆ ರಾಯಧನ ಮಾತ್ರ ಕೇಳಬಹುದು.
- ಸಿನಿಮಾದಲ್ಲಿ ಆಕಸ್ಮಿಕ ಅಥವಾ ಪ್ರಾಸಂಗಿಕ ಕೆಲಸ ಮಾಡಿದ, ಉದ್ಯಮದ ರೂಢಿಯಂತೆ ಎಲ್ಲೂ ಹೆಸರು ಹಾಕದ ವ್ಯಕ್ತಿ, ತಿರುಚುವಿಕೆ ವಿರುದ್ಧದ ಹಕ್ಕೊಂದನ್ನು ಬಿಟ್ಟರೆ, ಪ್ರದರ್ಶಕರೇ ಅಲ್ಲ.

ಮೂರನೆಯದನ್ನು ಇನ್ನೊಮ್ಮೆ ಓದಿ. ಗುಂಪಿನ ದನಿ, ಪೊಲೀಸ್ ಪೇದೆ, ಪಕ್ಕದ ಮನೆ ಅಜ್ಜಿ, ಇಂಥ ಸಣ್ಣ ಪಾತ್ರಗಳಿಗೆ ಮಾತಾಡುವವರ ಹೆಸರು ಪರದೆ ಮೇಲೆ ಬರದೇ ಇದ್ದರೆ ಅವರ ಹಕ್ಕೇ ಅಲುಗಾಡುತ್ತದೆ. ಹೆಸರು ಹಾಕಿ ಅಂತ ಕೇಳೋದು ಹೆಸರಿನ ಹುಚ್ಚಲ್ಲ.

ಇನ್ನು 'ಅದೇ ಚಿತ್ರ' ಅನ್ನುವ ಮಾತು. ನನ್ನ ದನಿಯಿಂದ ಯಂತ್ರಕ್ಕೆ ತರಬೇತಿ ಕೊಡುವುದು ಅದೇ ಚಿತ್ರದ ಬಳಕೆಯಲ್ಲ ಅಂತ ನಾನು ವಾದಿಸಬಹುದು. 'ಎಲ್ಲ ತಂತ್ರಜ್ಞಾನ' ಅನ್ನುವ ಸಾಲು ಬರೋದು ಆ ವಾದದ ಬಾಯಿ ಮುಚ್ಚಿಸಲಿಕ್ಕೆ.

ದೊಡ್ಡವರಿಗೆ ಸಿಕ್ಕಿದ್ದು

2024ರಲ್ಲಿ ಬಾಂಬೆ ಹೈಕೋರ್ಟ್ ಅರಿಜಿತ್ ಸಿಂಗ್ ದನಿಯನ್ನು ಎಐ ಮೂಲಕ ನಕಲು ಮಾಡುವುದಕ್ಕೆ ತಡೆ ಕೊಟ್ಟಿತು. ಅದೇ ವರ್ಷ ಎ.ಆರ್. ರೆಹಮಾನ್ 'ಲಾಲ್ ಸಲಾಂ' ಹಾಡಿಗೆ ತೀರಿಹೋದ ಇಬ್ಬರು ಗಾಯಕರ ದನಿ ಮರುಸೃಷ್ಟಿಸುವಾಗ ಕುಟುಂಬಗಳ ಒಪ್ಪಿಗೆ ಪಡೆದು, ಸಂಭಾವನೆಯನ್ನೂ ಕೊಟ್ಟಿರುವುದಾಗಿ ಹೇಳಿದರು. ಎಸ್‌ಪಿಬಿ ಅವರ ದನಿಯನ್ನು ಒಂದು ತೆಲುಗು ಚಿತ್ರಕ್ಕೆ ಹೇಳದೆ ಕೇಳದೆ ಮರುಸೃಷ್ಟಿಸಿದ್ದಾರೆ ಅಂತ ಅವರ ಮಗ ಎಸ್.ಪಿ. ಚರಣ್ ನೋಟಿಸ್ ಕಳಿಸಿದರು. ಇಲ್ಲೆಲ್ಲ ದನಿಗೆ ಒಂದು ಪ್ರಸಿದ್ಧ ಹೆಸರಿತ್ತು. ಹೆಸರೇ ಗೊತ್ತಿಲ್ಲದ ದನಿಗೆ ಕೋರ್ಟಿನ ಮೆಟ್ಟಿಲು ಬಹಳ ಎತ್ತರ.

ಹಾಗಾಗಿ ನನಗೆ ಹೆಚ್ಚು ಮುಖ್ಯವಾಗಿ ಕಾಣೋದು ಅಮೆರಿಕದ ನಟರ ಸಂಘದ ದಾರಿ. 2023ರಲ್ಲಿ ಅವರು 118 ದಿನ ಮುಷ್ಕರ ಮಾಡಿ, ಡಿಜಿಟಲ್ ಪ್ರತಿರೂಪ ಬಳಸಲು ಒಪ್ಪಿಗೆ ಮತ್ತು ಹಣ ಎರಡೂ ಬೇಕು ಅನ್ನುವ ಷರತ್ತನ್ನು ಒಪ್ಪಂದಕ್ಕೆ ಸೇರಿಸಿದರು. ತಂತ್ರಜ್ಞಾನವನ್ನು ಅವರು ನಿಲ್ಲಿಸಲಿಲ್ಲ, ಅದಕ್ಕೆ ಬೆಲೆ ಕಟ್ಟಿದರು.

ಇಲ್ಲಿ ಏನು ಕೇಳಬಹುದು

ಮತ್ತೆ ನಿಷೇಧ ಹೇರಿ ಅಂತ ನಾನು ಹೇಳಲ್ಲ. ನಿಷೇಧದ ದಾರಿ ಏನಾಯಿತು ಅಂತ 2015ರಲ್ಲೇ ನೋಡಿದ್ದೇವೆ. ಅಗ್ಗದ ಡಬ್ಬಿಂಗ್‌ನಿಂದ ಪಾಠದ ವಿಡಿಯೋ, ಸಾಕ್ಷ್ಯಚಿತ್ರಗಳು ಕನ್ನಡಕ್ಕೆ ಬಂದರೆ ಸಂತೋಷವೇ. ನನ್ನ ಬೇಡಿಕೆ ನಾಲ್ಕೇ:

1. ಪ್ರತಿ ಕಂಠದಾನ ಕಲಾವಿದರ ಹೆಸರು ಪರದೆ ಮೇಲೆ ಬರಬೇಕು.
2. ಎಐ ತರಬೇತಿಗೆ ಪ್ರತ್ಯೇಕ ಒಪ್ಪಂದ, ಪ್ರತ್ಯೇಕ ಹಣ. ಬೇಡ ಅಂದರೆ ಡಬ್ಬಿಂಗ್ ಕೆಲಸ ತಪ್ಪಬಾರದು.
3. ಒಪ್ಪಂದ ಕನ್ನಡದಲ್ಲಿರಬೇಕು, ಓದಲು ಸಮಯ ಕೊಡಬೇಕು.
4. 2024ರ ಜುಲೈನಲ್ಲಿ ನಮ್ಮ ವಿಧಾನಮಂಡಲ ಅಂಗೀಕರಿಸಿದ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಮಸೂದೆ, ಸಿನಿಮಾ ಟಿಕೆಟ್ ಮತ್ತು ಚಂದಾ ಹಣದ ಮೇಲೆ ಶೇ 1ರಿಂದ 2ರಷ್ಟು ಸೆಸ್ ಹಾಕಿ ಕಲ್ಯಾಣ ನಿಧಿ ಕಟ್ಟಲು ಅವಕಾಶ ಕೊಡುತ್ತದೆ. ಆ ನಿಧಿಯ ಫಲಾನುಭವಿಗಳಲ್ಲಿ ನಮ್ಮನ್ನೂ ಹೆಸರಿಟ್ಟು ಸೇರಿಸಬೇಕು.

ನಮ್ಮ ಕೆಲಸಕ್ಕೆ ಕನ್ನಡದಲ್ಲಿ ಚೆಂದದ ಹೆಸರಿದೆ, ಕಂಠದಾನ ಅಂತ. ಆದರೆ ಅದು ದಾನ ಅಲ್ಲ, ದುಡಿಮೆ. ಮುಂದಿನ ಸಲ ಆ ಫಾರ್ಮ್ ಬಂದಾಗ ಆ ಸಾಲು ಹೊಡೆದುಹಾಕಿ ಅಂತ ಕೇಳಬೇಕು ಅಂದುಕೊಂಡಿದ್ದೇನೆ. ನಾನೊಬ್ಬನೇ ಕೇಳಿದರೆ ಬೇರೆಯವರನ್ನು ಕರೆಯುತ್ತಾರೆ. ಅದಕ್ಕೇ ಇದನ್ನು ಬರೆದದ್ದು.