ಕಾವಲಿನ ಕೂಲಿ: ಗುಜರಾತದ ಮೂರು ನಗರಗಳ ಇತಿಹಾಸದಿಂದ

ಊರನ್ನು ಕಾಯುವವನಿಗೆ ಕೂಲಿ ಕೊಡುವವರಾರು? ಕೊಟ್ಟ ಹಣ ಕಾವಲಿಗೇ ಸಂದಿತೆಂದು ನೋಡುವವರಾರು? ಈ ಎರಡು ಪ್ರಶ್ನೆಗಳು ರಾಜ್ಯಾಡಳಿತದಷ್ಟೇ ಹಳೆಯವು. ಪೋಲೀಸು ದಳದ ಆಧುನೀಕರಣಕ್ಕೆ ನೆರವು, ಗ್ರಾಮರಕ್ಷಕರಿಗೆ ಗೌರವಧನ ಎಂಬ ಇಂದಿನ ಹೆಸರುಗಳ ಹಿಂದೆಯೂ ಇರುವವು ಅವೇ. ಉದ್ಯೋಗನಿಮಿತ್ತವಾಗಿ ನಾವು ಬಂದು ನೆಲೆಸಿರುವ ಗುಜರಾತದ ಮೂರು ನಗರಗಳು ಈ ಪ್ರಶ್ನೆಗಳಿಗೆ ಮೂರು ಬಗೆಯ ಉತ್ತರ ಕೊಟ್ಟಿವೆ. ನಾಲ್ಕನೆಯದು ನಮ್ಮ ಕಿತ್ತೂರು ಸೀಮೆಯದು. ಇವುಗಳನ್ನು ಒಂದೆಡೆ ಇಟ್ಟು ನೋಡುವುದು ಈ ಬರಹದ ಉದ್ದೇಶ.

ಮೊದಲು ಸೂರತ. 1664ರ ಜನವರಿಯಲ್ಲಿ ಶಿವಾಜಿಯು ಈ ಬಂದರಿನ ಮೇಲೆ ಬಿದ್ದಾಗ ಅದು ಮೊಗಲ ಸಾಮ್ರಾಜ್ಯದ ಅತಿ ಶ್ರೀಮಂತ ರೇವು. ಊರಿಗೆ ಗಟ್ಟಿಯಾದ ಸುತ್ತುಗೋಡೆ ಇರಲಿಲ್ಲ. ಅಧಿಕಾರಿಯಾಗಿದ್ದ ಇನಾಯತಖಾನನು ವರ್ತಕರನ್ನು ಅವರ ಪಾಡಿಗೆ ಬಿಟ್ಟು ಕೋಟೆಯೊಳಗೆ ಅಡಗಿದನು. ಈತನು ಐನೂರು ಸಿಪಾಯಿಗಳ ಸಂಬಳವನ್ನು ಬಾದಶಹನ ಖಜಾನೆಯಿಂದ ಪಡೆಯುತ್ತಿದ್ದನೆಂದೂ, ಆ ದಳವನ್ನು ಸರಿಯಾಗಿ ಇಡದೆ ಹಣವನ್ನು ತಾನೇ ನುಂಗುತ್ತಿದ್ದನೆಂದೂ ಜದುನಾಥ ಸರ್ಕಾರರು ತೋರಿಸಿದ್ದಾರೆ. ಲೆಕ್ಕದ ಪುಸ್ತಕದಲ್ಲಿ ಕಾವಲಿತ್ತು, ಬೀದಿಯಲ್ಲಿ ಇರಲಿಲ್ಲ. ಕಾಗದದ ಮೇಲಿನ ಐನೂರು ಜನ ಎಷ್ಟೆಂದು ಎಣಿಸಿದವನು ಶತ್ರುವೇ ಹೊರತು ಒಡೆಯನಲ್ಲ. ಆಮೇಲೆ ಔರಂಗಜೇಬನು ವರ್ತಕರಿಗೆ ಒಂದು ವರ್ಷದ ಸುಂಕವನ್ನು ಬಿಟ್ಟನು, ಊರಿಗೆ ಗೋಡೆ ಕಟ್ಟಿಸಲು ಅಪ್ಪಣೆ ಮಾಡಿದನು. ಹಜೇರಿ ತೆಗೆದುಕೊಂಡಿದ್ದರೆ ತೀರುತ್ತಿದ್ದ ಕೆಲಸಕ್ಕೆ ಹೀಗೆ ಎರಡನೆಯ ಸಲ ಹಣ ತೆರಬೇಕಾಯಿತು.

ಸಮುದ್ರದ ಕಾವಲಿನ ಕಥೆ ಇದಕ್ಕಿಂತಲೂ ಬೋಧಪ್ರದವಾದುದು. ಹಜ್ ಯಾತ್ರಿಕರ ಹಾಗೂ ವರ್ತಕರ ಹಡಗುಗಳ ರಕ್ಷಣೆಗಾಗಿ ಸೂರತದ ಹುಟ್ಟುವಳಿಯಿಂದ ಜಂಜೀರೆಯ ಸಿದ್ದಿಗೆ 'ತನಖಾ' ಎಂಬ ವಾರ್ಷಿಕ ಮೊಬಲಗು ಸಲ್ಲುತ್ತಿತ್ತು. ಈ ಸಿದ್ದಿಗಳು ಮೊದಲು ವಿಜಾಪುರದ ಆದಿಲಶಾಹಿಗೆ ನಡೆದುಕೊಳ್ಳುತ್ತಿದ್ದವರು. 1670ರ ಸುಮಾರಿಗೆ ಮೊಗಲರ ಸೇವೆಗೆ ಸೇರಿದರು. ತನಖಾ ಬಾಕಿ ಬಿದ್ದಾಗಲೆಲ್ಲ ಜಗಳವಾಯಿತು. ಕಡೆಗೆ 1759ರಲ್ಲಿ ಇಂಗ್ಲಿಷ್ ಕಂಪನಿಯು ಸೂರತದ ಕೋಟೆಯನ್ನು ಹಿಡಿದು, ಬಾದಶಹನ ನೌಕಾದಳದ ಅಧಿಕಾರವನ್ನೂ ಅದಕ್ಕೆ ಸಲ್ಲುತ್ತಿದ್ದ ತನಖಾವನ್ನೂ ತನ್ನದಾಗಿಸಿಕೊಂಡಿತು. 1800ರಲ್ಲಿ ನಗರದ ಆಡಳಿತವೆಲ್ಲವೂ ಅದರ ಕೈಸೇರಿತು. ಕಾವಲಿನ ಕೂಲಿಯನ್ನು ಪಡೆಯುವವನಾಗಿ ಬಂದವನು ನಾಲ್ವತ್ತು ವರ್ಷಗಳಲ್ಲಿ ಮನೆಯ ಯಜಮಾನನಾದನು.

ಇನ್ನು ಬಡೋದೆ. ನಾವು ಕಚೇರಿಯ ನೌಕರವರ್ಗಕ್ಕೆ 'ಸಿಬ್ಬಂದಿ' ಎನ್ನುತ್ತೇವೆ. ಪಾರಸಿಯಿಂದ ಬಂದ ಈ ಮಾತು ಹಿಂದೆ ವಸೂಲಿಗೂ ಕಾವಲಿಗೂ ಇಟ್ಟುಕೊಂಡ ಕಾಯಂ ಅಲ್ಲದ ಪಡೆಗೆ ಸಲ್ಲುತ್ತಿತ್ತು. ಗಾಯಕವಾಡರ ಬಡೋದೆಯಲ್ಲಿ ಇಂಥ ಸಿಬ್ಬಂದಿಯು ಅರಬರದಾಗಿತ್ತು. ನಗರದ ಬಾಗಿಲುಗಳು ಅವರ ವಶದಲ್ಲಿದ್ದವು. ಸಾಲ, ಕರಾರು, ಪ್ರಾಣಭಯ ಎಲ್ಲಕ್ಕೂ ಅರಬ ಜಮಾದಾರರ ಜಾಮೀನೇ ಬೇಕಾಗಿದ್ದಿತು. ಅದಕ್ಕೆ 'ಬಹಾಂದರಿ' ಎಂದು ಹೆಸರು. ಆನಂದರಾವ ಗಾಯಕವಾಡನ ಕಾಲಕ್ಕೆ ಸಂಬಳದ ಬಾಕಿ ಬೆಳೆದು, ಹಣ ಕೈಗೆ ಬಾರದ ಹೊರತು ತಾವು ಕದಲುವುದಿಲ್ಲವೆಂದು ಅವರು ಪಟ್ಟುಹಿಡಿದು, ರಾಜನನ್ನೇ ಒತ್ತೆಯಾಗಿರಿಸಿಕೊಂಡರು. 1802ರ ಡಿಸೆಂಬರಿನಲ್ಲಿ ಕಂಪನಿಯ ಸೈನ್ಯವು ಬಡೋದೆಯನ್ನು ಮುತ್ತಿ ಅವರನ್ನು ಹೊರಡಿಸಿತು. ಬಾಕಿ ತೀರಿಸಲು ಹಣ ಬಂದುದು ಕಂಪನಿಯ ಸಾಲದಿಂದ ಮತ್ತು ಊರಿನ ಸರಾಫರಿಂದ. ಆ ಸಾಲಕ್ಕೆ ಆಧಾರವಾಗಿ ಪರಗಣೆಗಳ ಹುಟ್ಟುವಳಿಯನ್ನು ಬರೆದುಕೊಡಬೇಕಾಯಿತು. ಕಾವಲಿನವನ ಸಂಬಳವನ್ನು ತಡೆದ ಸಂಸ್ಥಾನವು ತನ್ನ ಸ್ವಾತಂತ್ರ್ಯವನ್ನೇ ಬಡ್ಡಿಯಾಗಿ ತೆತ್ತಿತು.

ಅಹಮದಾಬಾದಿನ ದಾರಿಯೇ ಬೇರೆ. ಅಲ್ಲಿಯ 'ಪೋಳ'ಗಳನ್ನು ನಮ್ಮಲ್ಲಿ ಹಲವರು ಕಂಡಿರಬಹುದು. ಒಂದೇ ಬಾಗಿಲು, ಒಳಗೆ ಒತ್ತಾದ ಮನೆಗಳು, ರಾತ್ರಿ ಬಾಗಿಲು ಹಾಕುವ ಕಾವಲುಗಾರ. ಮನೆ ಮಾರಿದಾಗ, ಮದುವೆಯಾದಾಗ, ದಂಡ ಬಿದ್ದಾಗ ಪೋಳದ ಪಂಚರಿಗೆ ಸಲ್ಲುತ್ತಿದ್ದ ಹಣದಿಂದ ಬಾಗಿಲಿನ ದುರಸ್ತಿಯೂ ಕಾವಲಿನ ಖರ್ಚೂ ಸಾಗುತ್ತಿತ್ತು. 1725ರಲ್ಲಿ ಹಮೀದಖಾನನೂ ಮರಾಠರೂ ನಗರವನ್ನು ಸುಲಿಯಲು ಹೊರಟಾಗ, ಶಾಂತಿದಾಸ ಝವೇರಿಯ ಮೊಮ್ಮಗನಾದ ನಗರಶೇಠ ಖುಶಾಲಚಂದನು ತನ್ನ ಹಣ ಸುರಿದು ಊರನ್ನು ಉಳಿಸಿದನು. ಕೃತಜ್ಞರಾದ ಮಹಾಜನರು ಮುದ್ರೆಯೊತ್ತಿದ ಸರಕಿನ ಪ್ರತಿ ನೂರು ರೂಪಾಯಿಗೆ ನಾಲ್ಕಾಣೆಯಂತೆ ಅವನ ಮನೆತನಕ್ಕೆ ವಂಶಪಾರಂಪರ್ಯವಾಗಿ ಬರೆದುಕೊಟ್ಟರು.

ಕಂಪನಿಯ ಆಳಿಕೆಯಲ್ಲಿಯೂ ಈ ರೂಢಿ ಮುಂದುವರಿಯಿತು. ಜೀರ್ಣವಾಗಿದ್ದ ನಗರದ ಗೋಡೆಯನ್ನು ಎತ್ತಿನಿಲ್ಲಿಸಲು 1831ರಲ್ಲಿ ಅಧಿಕಾರಿಗಳೂ ಊರ ಪ್ರಮುಖರೂ ಕೂಡಿದ ಸಮಿತಿಯೊಂದು ಏರ್ಪಟ್ಟು, ತುಪ್ಪ ಮೊದಲಾದ ಸರಕಿನ ಮೇಲೆ ಸಣ್ಣ ಸುಂಕ ಹಾಕಿ ಸುಮಾರು 2.5 ಲಕ್ಷ ರೂಪಾಯಿಗಳಲ್ಲಿ ಗೋಡೆಯನ್ನು ಮುಗಿಸಿತು. ಉಳಿದ ಹಣ ಊರಿನ ಇತರ ಹಿತಕಾರ್ಯಗಳಿಗೆ ತಿರುಗಿತು. ಅಹಮದಾಬಾದಿನ ಪುರಸಭೆಯ ಬೇರು ಇರುವುದು ಈ ಗೋಡೆಯ ನಿಧಿಯಲ್ಲಿ. ಹಣ ಕೊಟ್ಟವರ ಕಣ್ಣೆದುರಿಗೇ ಅದು ಖರ್ಚಾದುದೇ ಈ ಯಶಸ್ಸಿನ ಕೀಲಿಯೆಂದು ನಮ್ಮ ಎಣಿಕೆ.

ಆದರೆ ಈ ಪದ್ಧತಿಯನ್ನು ಬರಿದೆ ಹೊಗಳಿ ಬಿಡುವುದು ನ್ಯಾಯವಲ್ಲ. ಪೋಳದ ಬಾಗಿಲು ಒಳಗಿನವರನ್ನು ಕಾಯಿತು. ಬಾಗಿಲೇ ಇಲ್ಲದ ಬಡವರ ಕೇರಿಗೆ ಯಾವ ಪಂಚರ ಹಣವೂ ಇರಲಿಲ್ಲ. ತುಪ್ಪದ ಸುಂಕವನ್ನು ಕೊಂಡವರೆಲ್ಲರೂ ತೆತ್ತರು. ಲೆಕ್ಕ ಕೇಳುವ ಹಕ್ಕು ಕೆಲವರಿಗೇ ಇತ್ತು. ತೆರಲಾರದವನನ್ನೂ ಕಾಯಬೇಕಾದರೆ ಸರಕಾರದ ಖಜಾನೆ ಬೇಕೇ ಬೇಕು.

ಖಜಾನೆಯ ಬದಲು ಭೂಮಿಯಿಂದಲೇ ಕೂಲಿ ಕೊಟ್ಟ ಮಾದರಿ ನಮ್ಮದು. ಕಿತ್ತೂರು ಸೀಮೆಯ ಶೇತಸನದಿಯೆಂದರೆ ಸನದಿನ ಮೂಲಕ ಹೊಲ ಪಡೆದು, ಅದಕ್ಕೆ ಪ್ರತಿಯಾಗಿ ಊರ ಕಾವಲು ಮತ್ತು ಸಂಸ್ಥಾನದ ಚಾಕರಿ ಮಾಡುವವನು. ಸಂಗೊಳ್ಳಿಯ ರಾಯಣ್ಣನು ಈ ವರ್ಗದವನು. 1824ರಲ್ಲಿ ಕಿತ್ತೂರು ಬಿದ್ದ ತರುವಾಯ ಕಂಪನಿಯು ಅವನ ಇನಾಮಿನ ಭೂಮಿಗೆ ಕೈಹಾಕಿತು. 1829–30ರ ಅವನ ಬಂಡಾಯಕ್ಕೆ ರಾಜಭಕ್ತಿ ಎಷ್ಟು ಕಾರಣವೋ ಈ ಅನ್ಯಾಯವೂ ಅಷ್ಟೇ ಕಾರಣ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಅಹಮದಾಬಾದಿನಲ್ಲಿ ಗೋಡೆಯ ಸಮಿತಿ ಏರ್ಪಟ್ಟುದೂ ಅದೇ ವರ್ಷ. ಒಂದೇ ಮುಂಬಯಿ ಸರಕಾರವು ಒಂದೆಡೆ ಊರವರನ್ನು ಕರೆದು ಕಾವಲಿನ ಹಣದ ವಿಚಾರ ಕೇಳಿತು. ಇನ್ನೊಂದೆಡೆ ಕಾವಲಿನವನ ಹೊಲವನ್ನು ಕಿತ್ತುಕೊಂಡು ಅವನನ್ನು ಬಂಡಾಯಗಾರನನ್ನಾಗಿ ಮಾಡಿತು.

ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು 1956ರವರೆಗೂ ಸೂರತ, ಅಹಮದಾಬಾದುಗಳೊಡನೆ ಒಂದೇ ಮುಂಬಯಿಯ ಆಡಳಿತದಲ್ಲಿದ್ದುವು. 1946ರ ಡಿಸೆಂಬರ್ 6ರಂದು ಮುಂಬಯಿ ಪ್ರಾಂತದಲ್ಲಿ ಹುಟ್ಟಿದ ಗೃಹರಕ್ಷಕ ದಳವೂ, 1951ರ ಮುಂಬಯಿ ಪೋಲೀಸು ಕಾಯಿದೆಯೂ ಈ ಎರಡು ನಾಡುಗಳ ಸಮಾನ ಆಸ್ತಿ. ಪೋಲೀಸು ಖಾತೆ ರಾಜ್ಯಗಳದಾದರೂ 1969–70ರಿಂದ ಕೇಂದ್ರವು ಅದರ ಆಧುನೀಕರಣಕ್ಕೆ ನೆರವು ಕೊಡುತ್ತ ಬಂದಿದೆ. ಸೂರತದಲ್ಲಿ 2013ರಲ್ಲಿ ಬೀದಿಗಳಿಗೆ ಕ್ಯಾಮರಾಗಳನ್ನು ಹಾಕಿದಾಗ ಪೋಲೀಸರೊಡನೆ ಊರಿನ ಉದ್ಯಮಿಗಳೂ ಹಣ ಕೂಡಿಸಿದರು. ನಗರಶೇಠನ ಪರಂಪರೆ ಇನ್ನೂ ಬತ್ತಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಹಣ ಎಲ್ಲಿಂದಲೇ ಬರಲಿ, ಮೂರು ಮಾತುಗಳನ್ನು ಇತಿಹಾಸವು ಸ್ಪಷ್ಟವಾಗಿ ಹೇಳುತ್ತದೆ. ಹಜೇರಿಯಿಲ್ಲದ ಅನುದಾನ ಇನಾಯತಖಾನನನ್ನು ಹುಟ್ಟಿಸುತ್ತದೆ. ತಡೆದ ಸಂಬಳವು ಕಾವಲಿನವನನ್ನು ಬಾಗಿಲಿನ ಒಡೆಯನನ್ನಾಗಿ ಮಾಡುತ್ತದೆ. ಕಸಿದುಕೊಂಡ ಸನದು ರಾಯಣ್ಣನ ಕೈಗೆ ಕತ್ತಿಯನ್ನು ಕೊಡುತ್ತದೆ. ಕಾವಲಿನ ಕೂಲಿ ಹೊತ್ತಿಗೆ ಸಲ್ಲಬೇಕು, ಅದರ ಲೆಕ್ಕ ಊರಿನವರೆಲ್ಲರಿಗೂ ತೆರೆದಿರಬೇಕು. ಇಷ್ಟನ್ನು ಕೇಳುವ ಹಕ್ಕು, ಈ ಊರುಗಳಲ್ಲಿ ತೆರಿಗೆ ತೆತ್ತು ಬಾಳುತ್ತಿರುವ ನಮಗೂ ಉಂಟು.