ಮೈಸೂರು ಸೀಮೆಯ ಸಭೆಗಳ ಐಕ್ಯ

1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಮದ್ದೂರು, ಮಳವಳ್ಳಿಗಳು ಮೈಸೂರು ಜಿಲ್ಲೆಗೆ ಸೇರಿದ್ದುವು. ಆ ಸೀಮೆಯ ಪ್ರಾಟೆಸ್ಟಂಟ್ ಕ್ರೈಸ್ತರಲ್ಲಿ ಬಹುಮಂದಿ ವೆಸ್ಲಿಯನ್ ಮಿಷನ್ನಿನ ಮೂಲಕ ಬಂದವರು. ಅವರ ಸಭೆಯಲ್ಲಿ ಬಿಷಪ್ಪನೆಂಬ ಅಧಿಕಾರಿಯೇ ಇರಲಿಲ್ಲ; ಆಂಗ್ಲಿಕನರಿಗಾದರೋ ಬಿಷಪ್ಪನಿಲ್ಲದೆ ದೀಕ್ಷೆಯೇ ಇಲ್ಲ. ಇವರಿಬ್ಬರೂ ಒಂದೇ ಮನೆಯಲ್ಲಿ ಬಾಳುವುದೆಂತು?

1919ರಲ್ಲಿ ತರಂಗಂಬಾಡಿಯಲ್ಲಿ ಮೊದಲಾದ ಮಾತುಕತೆಯು 28 ವರ್ಷ ನಡೆಯಿತು. ಬಿಷಪ್ಪನ ಹಸ್ತಾರ್ಪಣವಿಲ್ಲದ ಬೋಧಕನು ನೀಡುವ ಪ್ರಭುಭೋಜನವು ಸಲ್ಲತಕ್ಕದ್ದೋ ಅಲ್ಲವೋ ಎಂಬುದೇ ಮುಖ್ಯ ತೊಡಕು. ಅದನ್ನು ಅಂಥವನ ಕೈಯಿಂದಲೇ ಆಜನ್ಮ ಸ್ವೀಕರಿಸಿದ ಹಳ್ಳಿಯವನಿಗೆ ಇದು ಬರಿಯ ಪಂಡಿತರ ವಾದವಲ್ಲವಷ್ಟೆ! ಕಡೆಗೆ, ಇದ್ದ ಬೋಧಕರಿಗೆ ಮರುದೀಕ್ಷೆ ಬೇಡ, ಮುಂದಣವರಿಗೆಲ್ಲ ಬಿಷಪ್ಪನ ದೀಕ್ಷೆ ಎಂದಾಯಿತು. ಯಾವ ಸಭೆಯ ಮೇಲೂ ಅದಕ್ಕೊಗ್ಗದ ಆರಾಧನಾಕ್ರಮವನ್ನಾಗಲಿ ಬೋಧಕನನ್ನಾಗಲಿ ಹೇರೆವೆಂದು ಮಾತು ಕೊಟ್ಟರು. ಕರಾರಿನಲ್ಲಿ ಬರೆಯಲಾರದುದನ್ನು ದೇವರಿಗೆ ಬಿಟ್ಟರೆಂದೇ ನನ್ನೆಣಿಕೆ.

ಸ್ವಾತಂತ್ರ್ಯ ಬಂದ 43 ದಿನಗಳ ತರುವಾಯ, 1947ನೆಯ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕತೀಡ್ರಲಿನಲ್ಲಿ ಈ ಎರಡು ಸಭೆಗಳೂ, ಅದಾಗಲೇ ಒಂದುಗೂಡಿದ್ದ ದಕ್ಷಿಣ ಭಾರತ ಐಕ್ಯ ಸಭೆಯೂ ಸೇರಿ ದಕ್ಷಿಣ ಭಾರತ ಸಭೆಯಾದುವು. ಮೈಸೂರಿಗೆ ಮೊದಲ ಬಿಷಪ್ಪರಾದವರು ಪಿ. ಗುರುಶಾಂತ, ಬಿಷಪ್ಪನನ್ನೇ ಅರಿಯದಿದ್ದ ಮೆಥಡಿಸ್ಟ್ ಸಭೆಯಿಂದ ಬಂದವರು.